ನಮ್ಮೂರಿನ ಪಾಸ್ಪೇಟು ಹುಡುಗಿ

ತೊಂಬತ್ತರ ದಶಕದ ನಡುವಿನ ಕೆಲವು ವರ್ಷ ಬೂಕನಕೆರೆಯ ಸುತ್ತಮುತ್ತಲ ನಾಲ್ಕಾರು ಹಳ್ಳಿಗಳಲ್ಲಿ ನಾನು ಗೊಬ್ಬರದ ಪಂಡಿತೆ ಎಂದು ಹೆಸರಾಗಿದ್ದೆ. ಇದಕ್ಕಾಗಿ ನಾನು ಪಟ್ಟ ಶ್ರಮ ಏನೂ ಇರಲಿಲ್ಲ. ಚಿಕ್ಕಂದಿನಲ್ಲಿ ಕೊಟ್ಟಿಗೆ ಗುಡಿಸಿ ತಿಪ್ಪೆಗೆ ಸಗಣಿ ಹೊತ್ತು ಹಾಕಿದ್ದೆ, ಗೊಬ್ಬರದ ಬಗ್ಗೆ ನನಗಿದ್ದ ವಿದ್ಯೆ ಅಷ್ಟೇ. ಆದರೂ ರಜೆಗೆಂದು ಊರಿಗೆ ಬಂದರೆ ನಮ್ಮ ಮನೆಯ ಜಗಲಿಯ ಮೇಲೆ ಯಾರಾದರೊಬ್ಬರು ಕಾದು ಕುಳಿತಿರುತ್ತಿದ್ದರು. ಕೂಳೆ ಕಬ್ಬಿಗೆ ಎಷ್ಟು ಹಾಕಬೇಕು, ನಾಟಿಗೆ ಮೊದಲೋ ಆಮೇಲೋ, ಡಿಎಪಿ ಒಳ್ಳೆಯದೋ ಸೂಪರ್ ಒಳ್ಳೆಯದೋ ಎಂದು ಶುರುಮಾಡುತ್ತಿದ್ದರು. ಕೈಕಾಲು ತೊಳೆಯುವುದಕ್ಕೂ ಪುರುಸೊತ್ತು ಕೊಡುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಪದ. ನಾನು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಜೀವರಸಾಯನಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ನನ್ನ ಪಾಲಿಗೆ ಬಂದದ್ದು ಮನುಷ್ಯರ ಜೀವಕೋಶದೊಳಗೆ ಕೆಲಸ ಮಾಡುವ ಒಂದು ಕಿಣ್ವ. ಅದರ ಹೆಸರು ಫಾಸ್ಫಟೇಸ್. ನಮ್ಮ ಕಡೆ ಆ ಹೊತ್ತಿಗೆ ಎಲ್ಲರ ಬಾಯಲ್ಲೂ ಇದ್ದದ್ದು ಫಾಸ್ಫೇಟ್. ಸರ್ಕಾರ ಬೆಲೆಯ ಮೇಲಿನ ಹಿಡಿತ ಸಡಿಲಿಸಿದ ಮೇಲೆ ಆ ಗೊಬ್ಬರ ತುಟ್ಟಿಯಾಗಿತ್ತು. ಅದನ್ನು ಬಿಟ್ಟು ಯೂರಿಯಾ ಒಂದನ್ನೇ ಸುರಿದವರ ಕಬ್ಬು ಎತ್ತರಕ್ಕೆ ಹೋಗಿ ಗಾಳಿಗೆ ಮಲಗಿಬಿಡುತ್ತಿತ್ತು. ಪಾಂಡವಪುರದ ಸಕ್ಕರೆ ಕಾರ್ಖಾನೆಯ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯುವವರಿಗೆ ಇದೇ ಮಾತು. ಇಂಥ ಹೊತ್ತಿನಲ್ಲಿ ನನ್ನ ಕಿಣ್ವದ ಹೆಸರಿನ ಬಾಲ ಯಾರ ಕಿವಿಗೂ ಬೀಳಲಿಲ್ಲ. ಮೊದಲರ್ಧ ಕೇಳಿಸಿತು, ಉಳಿದದ್ದನ್ನು ಅವರೇ ತುಂಬಿಕೊಂಡರು.

ಈ ತಪ್ಪನ್ನು ಊರಿಗೆಲ್ಲ ಹಂಚಿದವನು ನಮ್ಮಪ್ಪ. ನನಗೆ ಸಿಟ್ಟಿದ್ದದ್ದು ಅದಕ್ಕೇ.

ಸಂಶೋಧನೆಗೆ ಸೇರಿ ಮೊದಲ ಸಲ ಊರಿಗೆ ಬಂದಾಗ ಅಪ್ಪ ಗದ್ದೆಯ ಬದುವಿನ ಮೇಲೆ ಕುಳಿತು ಕೇಳಿದ್ದ, "ಏನವ್ವ ಅದು ನೀನು ಓದೋದು? ವಸಿ ನಂಗೂ ಏಳು." ಅಪ್ಪ ಓದಿದ್ದು ನಾಲ್ಕನೆಯ ಕ್ಲಾಸು. ನಾನು ಹೊಸ ಹುರುಪಿನಲ್ಲಿದ್ದೆ. ಒಂದು ಕಡ್ಡಿಯಿಂದ ಮಣ್ಣಿನ ಮೇಲೆ ಗುಂಡಗೆ ಬರೆದು, ಇದು ಜೀವಕೋಶ ಎಂದೆ. ಹೊರಗಿನಿಂದ ಒಂದು ಸುದ್ದಿ ಬರುತ್ತದೆ, ಊಟ ಆಯಿತು, ಸಕ್ಕರೆ ಒಳಗೆ ತೆಗೆದುಕೊಳ್ಳಿ ಎಂಬಂಥ ಸುದ್ದಿ. ಆಗ ಒಳಗಿರುವ ಪ್ರೋಟೀನುಗಳಿಗೆ ಒಂದೊಂದು ಫಾಸ್ಫೇಟು ಅಂಟಿಕೊಳ್ಳುತ್ತದೆ. ಅಂಟಿದರೆ ದೀಪ ಹತ್ತಿದ ಹಾಗೆ, ಕೆಲಸ ಶುರು. ಆದರೆ ಹತ್ತಿಸಿದ ದೀಪ ಹಾಗೇ ಉರಿಯುತ್ತಿದ್ದರೆ ಆಗುತ್ತದೆಯೇ? ಆರಿಸುವುದಕ್ಕೂ ಯಾರಾದರೂ ಬೇಕಲ್ಲ. ನನ್ನ ಕಿಣ್ವದ ಕೆಲಸ ಆ ಫಾಸ್ಫೇಟನ್ನು ಕಿತ್ತು ಹಾಕಿ ದೀಪ ಆರಿಸುವುದು.

"ನಮ್ಮಜ್ಜಿ ಇಲ್ವೇನಪ್ಪ, ಅಂಗೆ" ಎಂದಿದ್ದೆ.

ನಮ್ಮಜ್ಜಿ, ಎಂದರೆ ಅಪ್ಪನ ತಾಯಿ, ಮನೆಗೆ ಕರೆಂಟು ಬಂದ ದಿನದಿಂದ ಹಿಡಿದಿದ್ದ ವ್ರತ ಅದೊಂದೇ. ನಾವು ಹಾಕಿದ ಲೈಟನ್ನು ಆರಿಸುತ್ತಾ ತಿರುಗುವುದು. ಅಡುಗೆ ಮನೆಯಲ್ಲಿ ಅವ್ವ ರೊಟ್ಟಿ ತಟ್ಟುತ್ತಿದ್ದರೂ ಅಷ್ಟೆ, ನಾನು ಪರೀಕ್ಷೆಗೆ ಓದುತ್ತಿದ್ದರೂ ಅಷ್ಟೆ. ಟಪ್ ಎಂದು ಆರಿಸಿ, "ಸುಮ್ಕೆ ಉರೀತಾ ಅದೆ" ಎಂದು ಮುಂದಿನ ಕೋಣೆಗೆ ಹೋಗುತ್ತಿದ್ದಳು. ಕಿವಿ ಮಂದವಾದ್ದರಿಂದ ನಾವು ಕೂಗಿದ್ದು ಅವಳಿಗೆ ತಾಗುತ್ತಿರಲಿಲ್ಲ, ಅಥವಾ ತಾಗದ ಹಾಗೆ ಇರುತ್ತಿದ್ದಳು.

ಅಪ್ಪ ಎಲ್ಲ ಕೇಳಿಸಿಕೊಂಡು "ಊಂ" ಎಂದ. ಮಣ್ಣಿನ ಮೇಲಿನ ಗುಂಡಗಿನ ಗೆರೆಯನ್ನು ಒಂದಷ್ಟು ಹೊತ್ತು ನೋಡಿದ. ಆಮೇಲೆ ಗದ್ದೆಗೆ ನೀರು ತಿರುಗಿಸಲು ಎದ್ದುಹೋದ. ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆಲ್ಲ ಅಪ್ಪ ಹೇಳಿದ್ದು ನನ್ನ ಕಿವಿಗೇ ಬಿತ್ತು: "ನಮ್ಮುಡ್ಗಿ ಪಾಸ್ಪೇಟ್ ಓದ್ತಾವ್ಳೆ ಕಣ್ಲಾ. ಗೊಬ್ರದ್ದು. ದೊಡ್ಡ ಓದು." ನಾನು ಅಷ್ಟು ಹೊತ್ತು ಗಂಟಲು ಒಣಗಿಸಿಕೊಂಡದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ಹಲ್ಲು ಕಡಿದುಕೊಂಡೆ.

ಆಮೇಲೂ ಎಷ್ಟೋ ಸಲ ತಿದ್ದಿದೆ. "ಅಪ್ಪ, ಪೇಟ್ ಅಲ್ಲ, ಟೇಸ್" ಎನ್ನುವುದು, "ಆಯ್ತು ಬುಡವ್ವ" ಎನ್ನುವುದು, ಮತ್ತೆ ಅದನ್ನೇ ಹೇಳುವುದು. ನನ್ನ ಮೂಗಿನ ತುದಿಯಲ್ಲೇ ಕೋಪ ಇರುತ್ತದೆ ಎಂದು ಹಾಸ್ಟೆಲಿನ ಗೆಳತಿಯರು ಆಡಿಕೊಳ್ಳುತ್ತಿದ್ದರು. ಅಪ್ಪನ "ಆಯ್ತು ಬುಡವ್ವ" ಕೇಳಿದಾಗ ಮಾತ್ರ ಆ ಕೋಪಕ್ಕೆ ಎಲ್ಲಿ ಕಾಲೂರಬೇಕೆಂದೇ ತಿಳಿಯುತ್ತಿರಲಿಲ್ಲ.

ಮೈಸೂರಿನಲ್ಲಿ ನನ್ನ ದಿನಗಳು ಬಹಳ ಚೆನ್ನಾಗಿದ್ದವು. ಅದನ್ನು ಹೇಳದೆ ಮುಂದೆ ಹೋಗಲಾರೆ. ಕಿಣ್ವವನ್ನು ಹೊರದೇಶದಿಂದ ತರಿಸುತ್ತಿದ್ದೆವು. ಆರ್ಡರು ಹಾಕಿ ತಿಂಗಳುಗಟ್ಟಲೆ ಕಾದ ಮೇಲೆ ಒಂದು ದೊಡ್ಡ ಥರ್ಮೋಕೋಲಿನ ಪೆಟ್ಟಿಗೆ ಬರುತ್ತಿತ್ತು. ಒಳಗೆ ಹೊಗೆಯಾಡುವ ಮಂಜುಗಡ್ಡೆ. ಅದರ ನಡುವೆ ಕಿರುಬೆರಳಿನ ತುದಿಯಷ್ಟು ಸಣ್ಣ ಕೊಳವೆ. ಕೊಳವೆಯ ತಳದಲ್ಲಿ ಬೆವರ ಹನಿಯಷ್ಟು ನೀರು. ಮೊದಲ ಸಲ ನೋಡಿದಾಗ ಇದರಲ್ಲಿ ಏನೂ ಇಲ್ಲ, ನಮಗೆ ಟೋಪಿ ಹಾಕಿದ್ದಾರೆ ಎಂದುಕೊಂಡಿದ್ದೆ.

ಅದು ಮನುಷ್ಯರ ಕಿಣ್ವವಾದರೂ ಮನುಷ್ಯರ ಮೈಯಿಂದ ತೆಗೆದದ್ದಲ್ಲ. ಮಾವಿನ ಗಿಡಕ್ಕೆ ಕಸಿ ಕಟ್ಟುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಕಾಡು ಮಾವಿನ ಬೇರು, ಒಳ್ಳೆಯ ಮಾವಿನ ಕೊಂಬೆ. ಇದೂ ಒಂದು ತರಹದ ಕಸಿಯೇ ಎಂದು ಅವತ್ತು ಬದುವಿನ ಮೇಲೆ ಅಪ್ಪನಿಗೂ ಹೇಳಿದ್ದೆ. ಈ ಕಿಣ್ವವನ್ನು ಹೇಗೆ ಮಾಡಬೇಕೆಂದು ಹೇಳುವ ಮನುಷ್ಯರ ವಂಶವಾಹಿಯ ಒಂದು ತುಂಡನ್ನು ಬ್ಯಾಕ್ಟೀರಿಯಾದೊಳಕ್ಕೆ ಸೇರಿಸುತ್ತಾರೆ. ಬ್ಯಾಕ್ಟೀರಿಯಾ ತನ್ನದೇ ಕೆಲಸ ಎಂದುಕೊಂಡು ಅದನ್ನು ಮಾಡಿ ಗುಡ್ಡೆ ಹಾಕುತ್ತದೆ. ಆಮೇಲೆ ಒಡೆದು, ಸೋಸಿ, ಬೇಕಾದದ್ದನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಬ್ಯಾಕ್ಟೀರಿಯಾಕ್ಕೆ ಆ ಕಿಣ್ವದಿಂದ ಮೂರು ಕಾಸಿನ ಉಪಯೋಗವಿಲ್ಲ. ಆದರೂ ಬೇಸರಪಡದೆ ಮಾಡುತ್ತದಲ್ಲ ಎಂದು ನನಗೆ ಅದರ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿತ್ತು.

ನಮ್ಮ ಪ್ರೊಫೆಸರು ಮೆಲುಮಾತಿನವರು. ಕಿಣ್ವದ ವಿಷಯದಲ್ಲಿ ಮಾತ್ರ ಕಂಜೂಸು. ಒಂದು ಹನಿ ಹೆಚ್ಚು ತೆಗೆದರೆ ಅವರ ಹುಬ್ಬು ಮೇಲೇರುತ್ತಿತ್ತು. ಕಿಣ್ವ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡುವ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ. ಫಾಸ್ಫೇಟು ಕಟ್ಟಿಕೊಂಡಿರುವ ಒಂದು ಔಷಧಿಯನ್ನು ನೀರಿನಲ್ಲಿ ಕಲಸಿದರೆ ಬಣ್ಣವೇ ಇರುವುದಿಲ್ಲ. ಅದಕ್ಕೆ ಕಿಣ್ವದ ಒಂದು ಹನಿ ಬಿಟ್ಟು, ಒಂದಷ್ಟು ಹೊತ್ತು ಬೆಚ್ಚಗಿಟ್ಟು, ಆಮೇಲೆ ಕ್ಷಾರದ ಹನಿ ಹಾಕಿದರೆ ಕಣ್ಣೆದುರೇ ಹಳದಿಯಾಗುತ್ತದೆ. ಅಪ್ಪಟ ಅರಿಶಿನದ ನೀರು. ಫಾಸ್ಫೇಟು ಬಿಟ್ಟುಹೋಯಿತು ಎಂಬುದಕ್ಕೆ ಅದೇ ಗುರುತು. ಆ ಹಳದಿ ಕಂಡರೆ ನನಗೆ ಆ ದಿನದ ಊಟವೂ ರುಚಿಸುತ್ತಿತ್ತು.

ಹೀಗಿರುವಾಗ ಒಂದು ದೀಪಾವಳಿಗೆ ಸಂತೆಬಾಚಹಳ್ಳಿಯ ಮಾವ ಮನೆಗೆ ಬಂದ. ಅವನು ಅಪ್ಪನ ತಂಗಿಯ ಗಂಡ. ಅವನ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಹೋಬಳಿ ದಾಟುತ್ತಿತ್ತು. ಟವೆಲಿನ ಮೂಲೆಯಲ್ಲಿ ಗಂಟು ಹಾಕಿಕೊಂಡು ತಂದಿದ್ದ ಮಣ್ಣನ್ನು ಬಿಚ್ಚಿ ನನ್ನ ಮುಂದೆ ಇಟ್ಟ.

"ವಸಿ ನೋಡವ್ವ ಇದ್ನ. ಮೂರೊರ್ಸದಿಂದ ಭತ್ತ ಜೊಳ್ಳು ಬಿಡ್ತಾ ಅದೆ. ಪಾಸ್ಪೇಟ್ ಎಷ್ಟು ಬೇಕು?"

"ಮಾವ, ನಾನು ಓದ್ತಿರೋದು ಅದಲ್ಲ."

"ಗೊತ್ತು ಬುಡು, ಇನ್ನೂ ಪಾಸಾಗಿಲ್ಲ. ಗೊತ್ತಿರೋಷ್ಟು ಏಳು."

ಅಪ್ಪನ ಕಡೆ ನೋಡಿದೆ. ಅಪ್ಪ ಹಸುವಿನ ಕೊಂಬಿಗೆ ಬಣ್ಣ ಬಳಿಯುವುದರಲ್ಲಿ ಮುಳುಗಿಹೋಗಿದ್ದ. ಕೊನೆಗೆ ಮಣ್ಣನ್ನು ಕೃಷಿ ಇಲಾಖೆಯವರಿಗೆ ಕೊಟ್ಟು ಪರೀಕ್ಷೆ ಮಾಡಿಸು ಎಂದು ಹೇಳಿ ಕಳಿಸಿದೆ. ಅವನು ಹಾಗೇ ಮಾಡಿದ. ಅವರು ಹೇಳಿದ್ದನ್ನು ಹಾಕಿದ, ಭತ್ತವೂ ಚೆನ್ನಾಗಿ ಬಂತು. ಹೆಸರು ಮಾತ್ರ ನನಗೆ ಬಂತು. ಅಲ್ಲಿಂದಾಚೆ ಜಗಲಿಯ ಮೇಲಿನ ಸಂದಣಿ ಇನ್ನೂ ಹೆಚ್ಚಾಯಿತು.

ಈ ಹೆಸರೇ ನಾಗಮಂಗಲಕ್ಕೂ ಹೋಗಿ ಮುಟ್ಟಿತು. ಅಲ್ಲೊಂದು ಗೊಬ್ಬರದ ಅಂಗಡಿ. ಅಂಗಡಿಯ ಯಜಮಾನರಿಗೆ ಒಬ್ಬನೇ ಮಗ, ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಗೊಬ್ಬರದಲ್ಲಿ ದೊಡ್ಡ ಓದು ಓದುತ್ತಿರುವ ಹುಡುಗಿ ಇದ್ದಾಳೆ ಎಂದರೆ ಅವರಿಗೆ ಇನ್ನೇನು ಬೇಕು? ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು.

ನನಗೆ ಮದುವೆ ಬೇಡ ಎಂದೇನೂ ಇರಲಿಲ್ಲ. ಇದ್ದದ್ದು ಒಂದೇ ಭಯ. ನನ್ನ ಕೆಲಸ ಮುಗಿಯಲು ಇನ್ನೂ ಒಂದು ವರ್ಷದ ಮೇಲೆ ಬೇಕಿತ್ತು. ನನಗಿಂತ ಮುಂಚೆ ಸೇರಿದ್ದ ಇಬ್ಬರು ಹುಡುಗಿಯರು ಮದುವೆಗೆ ರಜೆ ಹಾಕಿ ಹೋದವರು ಮತ್ತೆ ಬಂದಿರಲಿಲ್ಲ. ಅವರ ಹೆಸರು ಬರೆದಿದ್ದ ಬಾಟಲಿಗಳು ಕಪಾಟಿನಲ್ಲಿ ಹಾಗೇ ಇದ್ದವು. ನನ್ನ ಬಾಟಲಿಗಳೂ ಅವುಗಳ ಪಕ್ಕದಲ್ಲಿ ಧೂಳು ತಿನ್ನುವುದು ನನಗೆ ಬೇಕಿರಲಿಲ್ಲ.

ಅವರು ಬಂದ ದಿನ ಅವ್ವ ಕೇಸರಿಭಾತು ಮಾಡಿದ್ದಳು. ಅಜ್ಜಿ ಅಡುಗೆ ಮನೆಯಲ್ಲಿ ಬಜ್ಜಿ ಕರಿಯುತ್ತಿದ್ದಳು. ಯಜಮಾನರು ದಪ್ಪ ಮೀಸೆಯವರು, ದೊಡ್ಡ ಗಂಟಲಿನವರು. ಅವರ ಹೆಂಡತಿ ತೆಳ್ಳಗೆ, ನಗುಮುಖದವರು. ಮೇಷ್ಟ್ರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಮುದುಡಿಕೊಂಡು ಕುಳಿತಿದ್ದರು. ಕಾಫಿ ಲೋಟ ಕೈಗೆ ಹೋದ ಕೂಡಲೇ ಯಜಮಾನರು ಮಾತಿಗೆ ಬಂದರು.

"ನೋಡಿ ಗೌಡ್ರೆ, ವರೋಪಚಾರ ಗಿರೋಪಚಾರ ನಮ್ಗೆ ಏನೂ ಬ್ಯಾಡ. ಉಡ್ಗಿ ಓದವ್ಳೆ, ಅದೇ ಸಾಕು. ಮದ್ವೆ ಆದ್ಮೇಲೆ ನಮ್ಮಂಗಡಿ ಮುಂದೆ ಒಂದು ಕುರ್ಚಿ ಆಕುಸ್ತೀನಿ. ಬಂದ ರೈತ್ರಿಗೆ ಇಂಥ ಒಲಕ್ಕೆ ಇಂಥ ಗೊಬ್ರ ಅಂತ ಏಳ್ಕಂಡು ಕೂತಿದ್ರಾಯ್ತು. ಮೈಸೂರ್ಗೆ ಅಲ್ದಾಡೋದೆಲ್ಲ ಅಲ್ಲಿಗೆ ನಿಂತೋಯ್ತದೆ."

ಅವರು ಇದನ್ನು ಪ್ರೀತಿಯಿಂದಲೇ ಹೇಳಿದರು. ನನ್ನನ್ನು ಕಷ್ಟದಿಂದ ಪಾರುಮಾಡುತ್ತಿದ್ದೇನೆ ಎಂಬ ಭಾವ ಅವರಿಗೆ. ನಾನು ಅಪ್ಪನ ಕಡೆ ನೋಡಿದೆ. ಈಗಲಾದರೂ ಬಾಯಿ ಬಿಡುತ್ತಾನೆ ಎಂದು ಕಾದೆ. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ನನಗೆ ತಡೆಯಲಾಗಲಿಲ್ಲ.

"ನನಗೆ ಗೊಬ್ಬರದ ವಿಷಯ ಏನೂ ಗೊತ್ತಿಲ್ಲ. ನಾನು ಓದ್ತಿರೋದು ಫಾಸ್ಫೇಟ್ ಅಲ್ಲ" ಎಂದೆ.

ಯಜಮಾನರ ಲೋಟ ಬಾಯಿಯ ಹತ್ತಿರ ನಿಂತಿತು. "ಮತ್ತೆ?"

"ನೀವು ಮಾರೋದು ಫಾಸ್ಫೇಟ್ ಹಾಕೋದಕ್ಕೆ. ನಾನು ಓದ್ತಿರೋದು ಫಾಸ್ಫೇಟ್ ತೆಗೆಯೋದರ ಬಗ್ಗೆ."

"ತೆಗ್ಯೋದಾ? ಯಾವ್ ಒಲದಿಂದ ತೆಗಿತೀಯವ್ವ?"

"ಹೊಲದಿಂದ ಅಲ್ಲ. ಮನುಷ್ಯರ ಮೈಯೊಳಗಿರೋ ಪ್ರೋಟೀನಿನಿಂದ."

ಒಳಗೆ ಬಜ್ಜಿ ಚುರ್ರೆನ್ನುವುದು ಕೇಳುತ್ತಿತ್ತು. ಆಗ ಬಾಗಿಲ ಪಕ್ಕದಿಂದ ಮೇಷ್ಟ್ರು ಕಿಸಕ್ಕನೆ ನಕ್ಕುಬಿಟ್ಟರು. ಅವರಮ್ಮ ತಿರುಗಿ ನೋಡಿದ ಕೂಡಲೇ ಕೆಮ್ಮಿನಲ್ಲಿ ಮುಚ್ಚಿಕೊಂಡರು. ನಿಜ ಹೇಳಬೇಕೆಂದರೆ ಆ ನಗು ನನಗೆ ಹಿಡಿಸಿತು. ಆ ಕ್ಷಣಕ್ಕೆ ಇವರಾದರೆ ಆಗಬಹುದಿತ್ತಲ್ಲ ಎನಿಸಿ, ಕೈಯಾರೆ ಕೆಡಿಸಿಕೊಂಡೆನಲ್ಲ ಎಂದು ಇನ್ನಷ್ಟು ಸಂಕಟವೂ ಆಯಿತು.

"ಮನುಸ್ರದು ಅಂದ್ರೆ... ಯಾರ್ದು?" ಎಂದು ಆ ತಾಯಿ ಮೆಲ್ಲಗೆ ಕೇಳಿದರು.

ಯಾರದೂ ಅಲ್ಲ, ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ್ದು ಎಂದೆ. ಅದರಿಂದ ಅವರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಉಳಿದ ಬಜ್ಜಿಯನ್ನು ಮುಟ್ಟದೆ ಎದ್ದರು. "ಊರ್ಗೋಗಿ ಏಳ್ಕಳಿಸ್ತೀವಿ" ಎಂದರು. ಈ ಮಾತಿನ ಅರ್ಥ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಾಯಿ ಮುಚ್ಕಂಡಿದ್ರೆ ನಿನ್ನ ಗಂಟೇನು ಓಗ್ತಿತ್ತು?" ಎಂದು ಬೈದಳು. ಅಪ್ಪ ದನ ಬಿಚ್ಚಿಕೊಂಡು ಹೊಲದ ಕಡೆ ಹೋದ. ಅವನೂ ಬೈದಿದ್ದರೆ ನನಗೆ ತಿರುಗಿ ಕೂಗಾಡಲು ಅನುಕೂಲವಾಗುತ್ತಿತ್ತು.

ಇದಾದ ಕೆಲವು ದಿನಗಳ ಮೇಲೆ ಪ್ರಯೋಗಾಲಯದ ಬಾಗಿಲಲ್ಲಿ ಯಾರೋ ಬಂದಿದ್ದಾರೆ ಎಂದು ಕರೆ ಬಂತು. ಹೋಗಿ ನೋಡಿದರೆ ಅಪ್ಪ, ಪಕ್ಕದಲ್ಲಿ ನಾಗಮಂಗಲದ ಯಜಮಾನರು! ಅಂಗಡಿಗೆ ಸರಕು ತುಂಬಿಸಲು ಲಾರಿ ತಂದಿದ್ದವರು ಅಪ್ಪನಿಗೂ ಹೇಳಿ ಕಳಿಸಿ ಕರೆಸಿಕೊಂಡಿದ್ದರು. ಇಬ್ಬರೂ ದೇವಸ್ಥಾನಕ್ಕೆ ಬಂದ ಹಾಗೆ ಚಪ್ಪಲಿಯನ್ನು ಮೆಟ್ಟಿಲ ಹತ್ತಿರ ಬಿಟ್ಟು ಬರಿಗಾಲಲ್ಲಿ ನಿಂತಿದ್ದರು.

"ಮೇಷ್ಟ್ರು ಇದೇ ಉಡ್ಗಿ ಆಗ್ಬೇಕು ಅಂದ್ರಂತೆ. ಯಜಮಾನ್ರು ಕಣ್ಣಾರೆ ನೋಡ್ಬೇಕಂತೆ" ಎಂದ ಅಪ್ಪ.

ಪ್ರೊಫೆಸರನ್ನು ಕೇಳಿದೆ. ಅವರು ಬರಿಗಾಲಿನ ಇಬ್ಬರನ್ನು ನೋಡಿ, ಮೊದಲು ಚಪ್ಪಲಿ ಹಾಕಿಕೊಂಡು ಬನ್ನಿ, ಇಲ್ಲಿ ಗಾಜಿನ ಚೂರು ಇರುತ್ತದೆ ಎಂದರು. ಆಮೇಲೆ ನನ್ನ ಕಿವಿಯ ಹತ್ತಿರ, "ತೋರಿಸಮ್ಮ, ಆದರೆ ಕಿಣ್ವ ಜಾಸ್ತಿ ಬಳಸಬೇಡ" ಎಂದರು.

ಮೂರು ಗಾಜಿನ ಕೊಳವೆಗಳನ್ನು ಸಾಲಾಗಿ ಇಟ್ಟೆ. ಮೂರರಲ್ಲೂ ಫಾಸ್ಫೇಟು ಕಟ್ಟಿಕೊಂಡಿರುವ ಆ ಬಣ್ಣವಿಲ್ಲದ ನೀರು. ಮೊದಲನೆಯದಕ್ಕೆ ಏನೂ ಹಾಕಲಿಲ್ಲ. ಎರಡನೆಯದಕ್ಕೆ ಕಿಣ್ವದ ಒಂದು ಹನಿ. ಮೂರನೆಯದಕ್ಕೆ ಅದೇ ಕಿಣ್ವವನ್ನು ಕುದಿಯುವ ನೀರಿನಲ್ಲಿ ಬೇಯಿಸಿ ಒಂದು ಹನಿ. ಯಜಮಾನರು ನನ್ನ ಕೈಯನ್ನೇ ನೋಡುತ್ತಿದ್ದರು. ಸೂಪರ್ ಫಾಸ್ಫೇಟಿನ ಮೂಟೆಗೆ ಮಣ್ಣು ಬೆರೆಸಿದ್ದಾರೋ ಎಂದು ಬೆರಳಲ್ಲಿ ಉಜ್ಜಿ ನೋಡಿ ಪಳಗಿದ ಮನುಷ್ಯ, ಸುಮ್ಮನೆ ನಂಬುವವರಲ್ಲ.

"ಈ ಹನಿ ಅಸ್ಲಿ ಅಂತ ಎಂಗೆ ಗೊತ್ತಾಯ್ತದೆ? ಬರೀ ನೀರು ತುಂಬಿ ಕಳ್ಸಿದ್ರೆ?"

"ಅದಕ್ಕೇ ಈ ಪರೀಕ್ಷೆ" ಎಂದೆ. ಈ ಪ್ರಶ್ನೆ ನನಗೂ ಮೊದಲ ದಿನವೇ ಬಂದಿತ್ತು ಎಂದು ಹೇಳಿದಾಗ ಅವರ ಮೀಸೆ ಸ್ವಲ್ಪ ಅರಳಿತು.

ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬಂದೆವು. ಮೂರಕ್ಕೂ ಕ್ಷಾರದ ಹನಿ ಬಿಟ್ಟೆ. ಮೊದಲನೆಯದು ನೀರಿನ ಹಾಗೇ ಇತ್ತು. ಎರಡನೆಯದು ಹಳದಿಗೆ ತಿರುಗಿತು. ಯಜಮಾನರು ಬಗ್ಗಿ, ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡಿದರು.

"ಅರಿಸ್ನದ ನೀರು!" ಎಂದರು. "ಇದ್ರಲ್ಲಿ ಪಾಸ್ಪೇಟ್ ಬಿಟ್ಕಂಡದೆ ಅನ್ನು. ಇದೇನಾ ನಿನ್ನ ಪಾಸ್ಪೇಟು?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಬೆನ್ನ ಹಿಂದಿನಿಂದ ಅಪ್ಪನ ಧ್ವನಿ ಬಂತು.

"ಪೇಟ್ ಅಲ್ಲ ಯಜಮಾನ್ರೆ, ಪಾಸ್ಪಟೇಸು. ಮೈಯೊಳ್ಗೆ ದೀಪ ಅತ್ಕತ್ತದೆ, ಅದ್ನ ಆರ್ಸೋದು ಇದು. ನಮ್ಮವ್ವ ಮನೇಲಿ ಲೈಟ್ ಆರ್ಸ್ಕಂಡು ತಿರುಗ್ತಾಳಲ್ಲ, ಅಂಗೆ."

ಕೈಯಲ್ಲಿದ್ದ ಕೊಳವೆಯ ಸ್ಟ್ಯಾಂಡು ಕೆಳಗೆ ಬೀಳುವುದೊಂದು ಬಾಕಿ. ತಿರುಗಿ ನೋಡಿದೆ. ಅಪ್ಪ ಏನೂ ಆಗಿಲ್ಲದವನ ಹಾಗೆ ಛಾವಣಿಯ ಫ್ಯಾನು ನೋಡುತ್ತಿದ್ದ.

ಯಜಮಾನರು ಅಷ್ಟರಲ್ಲಿ ಮೂರನೆಯ ಕೊಳವೆಯನ್ನು ಹಿಡಿದಿದ್ದರು. ಅದರಲ್ಲಿ ಬಣ್ಣ ಬಂದಿರಲಿಲ್ಲ. "ಇದ್ಕೂ ಅದೇ ತಾನೆ ಆಕಿದ್ದು?"

"ಅದೇ. ಆದರೆ ಬೇಯಿಸಿದ್ದು. ಬೇಯಿಸಿದರೆ ಅದರ ಆಕಾರ ಕೆಡುತ್ತೆ. ಕೊಳವೆಯಲ್ಲಿ ಇರೋದೇನೋ ಇರುತ್ತೆ, ಕೆಲಸ ಮಾತ್ರ ಮಾಡಲ್ಲ."

ಅವರು ಆ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಳದಿಯ ಪಕ್ಕಕ್ಕೆ ಹಿಡಿದು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, ಇಡೀ ಪ್ರಯೋಗಾಲಯಕ್ಕೆ ಕೇಳುವಂಥ ತಮ್ಮ ಅಂಗಡಿಯ ಗಂಟಲಿನಲ್ಲಿ ಹೇಳಿದರು.

"ನಮ್ಮಂಗಡಿ ತಗಡಿನ ಶೀಟಿಂದು ಗೌಡ್ರೆ. ಬ್ಯಾಸ್ಗೇಲಿ ಕಾದು ಕೆಂಡ ಆಗ್ತದೆ. ಈ ಉಡ್ಗೀನ ತಂದು ಅದ್ರ ಕೆಳಗೆ ಕೂರ್ಸುದ್ರೆ ಇವ್ಳೂ ಇಂಗೇ ಆಯ್ತಾಳೆ. ಇರೋದೇನೋ ಇರ್ತಾಳೆ, ಕೆಲ್ಸ ಮಾತ್ರ ಆಗಾಕಿಲ್ಲ. ಬ್ಯಾಡ ಬುಡಿ. ಓದ್ಲಿ. ಮದ್ವೆ ಆಗ್ಲಿ, ಓದೋದೂ ಓದ್ಲಿ."

ಪ್ರೊಫೆಸರು ತಮ್ಮ ಮೇಜಿನಿಂದ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದರು. ಅವರ ತುಟಿಯ ಮೇಲೆ ನಗು ಇತ್ತು. ಯಜಮಾನರು ಹೊರಡುವ ಮುಂಚೆ ಒಂದು ಷರತ್ತು ಹಾಕಿದರು. ನನಗೆ ಬಿಡುವಾದಾಗ ಗೊಬ್ಬರಕ್ಕೆ ಮಣ್ಣು ಬೆರೆಸಿದ್ದರೆ ತಿಳಿಯುವ ಹಾಗೆ ಇಂಥದ್ದೇ ಒಂದು ಹಳದಿ ನೀರು ಮಾಡಿಕೊಡಬೇಕು. ಆಗಲಿ ಎಂದೆ. ಅವರು ಮುಂದೆ ನನ್ನ ಮಾವನವರಾಗಿ, ಪ್ರತಿ ಯುಗಾದಿಗೂ ಒಬ್ಬಟ್ಟು ತಿನ್ನುತ್ತಾ ಅದನ್ನು ನೆನಪಿಸುತ್ತಿದ್ದರು.

ಅವರು ಲಾರಿ ಹತ್ತಿ ಹೋದರು. ನಾನು ಎರಡು ದಿನ ರಜೆ ಕೇಳಿಕೊಂಡು ಅಪ್ಪನ ಜೊತೆ ಊರಿಗೆ ಹೊರಟೆ. ಬಸ್ಸು ಮೈಸೂರು ದಾಟಿದ ಮೇಲೆ ಶುರುಮಾಡಿದೆ.

"ಅಪ್ಪ, ನಿಂಗೆ ಯಾವಾಗಿಂದ ಗೊತ್ತು?"

"ಏನು?"

"ಟೇಸು."

"ನೀನೇ ಏಳಿದ್ದಲ್ಲ ಬದಿನ ಮ್ಯಾಲೆ. ಗುಂಡ್ಗೆ ಬರ್ದು."

"ಮತ್ತೆ ಊರ್ಗೆಲ್ಲ ಗೊಬ್ರ ಅಂತ ಯಾಕೆ ಸಾರ್ಕಂಡು ಬಂದೆ? ಎಷ್ಟು ಸಲ ತಿದ್ದಿದೆ ನಾನು!"

ಬಸ್ಸು ಕಾವೇರಿಯ ಸೇತುವೆ ದಾಟಿ ಶ್ರೀರಂಗಪಟ್ಟಣದೊಳಗೆ ಬರುತ್ತಿತ್ತು. ಅಪ್ಪ ಕಿಟಕಿಯಿಂದ ಮನೆಗಳ ಸಾಲನ್ನು ನೋಡುತ್ತಾ, "ಇಲ್ಲೊಂದು ಬಾಡ್ಗೆ ಮನೆ ಮಾಡುದ್ರೆ ಆಯ್ತದೆ. ಮೇಷ್ಟ್ರಿಗೆ ಆ ಕಡೆ ಪಾಂಡವಪುರ, ನಿಂಗೆ ಈ ಕಡೆ ಮೈಸೂರು" ಎಂದ. ಮುಂದೆ ನಾವು ಮಾಡಿದ್ದೂ ಅದನ್ನೇ. ಬೆಳಿಗ್ಗೆ ಒಬ್ಬರು ಒಂದು ಕಡೆಯ ರೈಲು ಹತ್ತಿದರೆ ಇನ್ನೊಬ್ಬರು ಇನ್ನೊಂದು ಕಡೆಯದು. ನನ್ನ ಬಾಟಲಿಗಳಿಗೆ ಧೂಳು ಹಿಡಿಯಲಿಲ್ಲ. ಆ ಊರಿನ ಸಣ್ಣ ಮನೆಯಲ್ಲೇ ಕುಳಿತು ಪ್ರಬಂಧ ಬರೆದು ಮುಗಿಸಿದೆ. ಆದರೆ ಆ ಹೊತ್ತಿಗೆ ನನಗೆ ಮನೆಯ ಯೋಚನೆ ಬೇಕಿರಲಿಲ್ಲ, ಉತ್ತರ ಬೇಕಿತ್ತು. ಮತ್ತೆ ಕೇಳಿದೆ.

ಅಪ್ಪ ದನಿ ತಗ್ಗಿಸಿದ. "ಮನುಸ್ರ ಮೈಯೊಳ್ಗಿಂದು, ಕಣ್ಣಿಗೆ ಕಾಣ್ದ ಉಳಗಳಲ್ಲಿ ಬೆಳ್ಸೋದು ಅಂತ ನಾನು ಏಳಿದ್ರೆ, ನಿಮ್ಮಜ್ಜಿ ನಿನ್ನ ಅಡ್ಗೆ ಮನೆ ಒಸ್ಲು ದಾಟುಸ್ತಿದ್ಲಾ? ಒಂದಿನಕ್ಕೇ ಓದು ಬುಡ್ಸಿಬುಡೋಳು. ಊರೋರು ಬ್ಯಾರೆ. ವಯಸ್ಸಿಗೆ ಬಂದ ಉಡ್ಗಿ ಮೈಸೂರಲ್ಲಿ ಏನ್ ಮಾಡ್ತಾಳೆ, ಯಾವಾಗ ಮದ್ವೆ, ಅಂತ ಡೈರಿ ತಾವ ದಿನಾ ಯಾರಾರ ಕೇಳೋರು. ಗೊಬ್ರ ಅಂದೆ. ಗೊಬ್ರ ಅಂದ ಮ್ಯಾಲೆ ಒಬ್ರೂ ತುಟಿ ಬಿಚ್ನಿಲ್ಲ ನೋಡು. ಓದ್ಲಿ ಓದ್ಲಿ, ನಮ್ಗೂ ಬೇಕಾಯ್ತದೆ ಅಂದ್ರು." ಆಮೇಲೆ, "ನಾಗಮಂಗ್ಲದೋರ್ಗೂ ಅಂಗೇ ಓಗಿ ಮುಟ್ತು. ಅದೊಂದು ನಂಗೆ ಗ್ಯಾನಕ್ಕೆ ಬರ್ನಿಲ್ಲ. ಅವತ್ತು ನೀನೇ ಏಳ್ದೆ, ಒಳ್ಳೇದಾಯ್ತು" ಎಂದ.

ನನಗೆ ಅಳು ಬಂದುಬಿಟ್ಟಿತು. ಸಂತೋಷಕ್ಕೇ ಬಂದದ್ದು. ಇಷ್ಟು ವರ್ಷ ನಾನು ಮೈಸೂರಿನಲ್ಲಿ ನೆಮ್ಮದಿಯಾಗಿ ಹಳದಿ ನೀರು ನೋಡುತ್ತಾ ಕುಳಿತಿದ್ದಾಗ ಅಪ್ಪ ಹಾಲಿನ ಕ್ಯಾನು ಹಿಡಿದು ನಿಂತು ದಿನಾ ಒಂದೇ ಸುಳ್ಳನ್ನು ಹೇಳುತ್ತಿದ್ದ. ಮಗಳು ಮುಖಕ್ಕೆ ಹೊಡೆದ ಹಾಗೆ ತಿದ್ದಿದರೂ "ಆಯ್ತು ಬುಡವ್ವ" ಎಂದು ನುಂಗಿಕೊಂಡು ಮತ್ತೆ ಅದನ್ನೇ ಹೇಳುತ್ತಿದ್ದ. ಅವನ ಕೈ ಹಿಡಿದುಕೊಂಡೆ. ಚಿಕ್ಕಂದು ಕಳೆದ ಮೇಲೆ ಹಾಗೆ ಹಿಡಿದಿರಲಿಲ್ಲ. ಕಬ್ಬಿನ ಗರಿಯ ಸುಂಕು ತಾಗಿ ಒರಟಾದ ಕೈ. ಅಪ್ಪ ಬಿಡಿಸಿಕೊಳ್ಳಲಿಲ್ಲ.

ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ನುಗ್ಗಿಕೊಂಡು ಹತ್ತಿದವರಲ್ಲಿ ಸಂತೆಬಾಚಹಳ್ಳಿಯ ಮಾವನೂ ಇದ್ದ. ನಮ್ಮನ್ನು ಕಂಡು ಮುಖ ಅಗಲ ಮಾಡಿಕೊಂಡು ಎದುರಿನ ಸೀಟಿನಲ್ಲಿ ಕುಳಿತ. ಅರ್ಧ ಬಸ್ಸಿಗೆ ಕೇಳುವ ಹಾಗೆ, "ಏನವ್ವಾ, ಇನ್ನೂ ಮುಗ್ದಿಲ್ವ ಆ ಪಾಸ್ಪೇಟು? ಎಷ್ಟೊರ್ಸ ಓದ್ತೀಯ ಅದ್ನ?" ಎಂದ.

ಅಪ್ಪ ನನ್ನ ಕೈಯನ್ನು ಮೆಲ್ಲಗೆ ಒತ್ತಿದ. ನಾನು ಕಣ್ಣು ಒರೆಸಿಕೊಂಡೆ.

"ಇನ್ನೊಂದೊರ್ಸ ಅದೆ ಮಾವ" ಎಂದೆ. "ಬಾಳ ದೊಡ್ಡ ಗೊಬ್ರ. ಈ ಸಲ ಭತ್ತ ಎಂಗದೆ?"

ಮಾವ ಭತ್ತದ ಸಮಾಚಾರ ಹೇಳತೊಡಗಿದ. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಟವೆಲನ್ನು ಬಾಯಿಗೆ ಒತ್ತಿ ಹಿಡಿದು ನಗುತ್ತಿದ್ದ.